ಅಳತೆಯ ಕಣ್ಣು: ರಾಜಾ ದೀನದಯಾಳರ ಛಾಯಾಚಿತ್ರಕಲೆ

ಆರನೆಯ ನಿಜಾಮ ಮೀರ್ ಮಹಬೂಬ್ ಅಲಿಖಾನರ ಚಿತ್ರವನ್ನು ಇತಿಹಾಸದ ಪುಸ್ತಕಗಳಲ್ಲಿ ನೋಡದ ಉಪಾಧ್ಯಾಯರು ನಮ್ಮ ಕಡೆ ವಿರಳ. ಆ ಕಾಲದ ದರ್ಬಾರು, ದಂಡು, ಅರಮನೆಗಳನ್ನು ಚಿತ್ರದಲ್ಲಿ ಹಿಡಿದಿಟ್ಟವರು ಯಾರೆಂದು ಕೇಳಿದರೆ ಉತ್ತರ ಹೇಳುವವರು ಇನ್ನೂ ವಿರಳ. ಗುಲ್ಬರ್ಗ, ಬೀದರ, ರಾಯಚೂರು ಜಿಲ್ಲೆಗಳವರೂ, ಇಂದು ತೆಲಂಗಾಣಕ್ಕೆ ಸೇರಿರುವ ನಾರಾಯಣಪೇಟೆ, ಮಕ್ತಲ್, ತಾಂಡೂರುಗಳ ಕನ್ನಡಿಗರೂ 1948ರವರೆಗೆ ಒಂದೇ ಸಂಸ್ಥಾನದ ಪ್ರಜೆಗಳಾಗಿದ್ದವರು. ಆ ಸಂಸ್ಥಾನದ ದರ್ಬಾರಿನ ಛಾಯಾಗ್ರಾಹಕರಾಗಿದ್ದ ಲಾಲಾ ದೀನದಯಾಳರು ನಮಗೆ ತೀರ ಹೊರಗಿನವರಲ್ಲ.

ಅವರು ಹುಟ್ಟಿದ್ದು ಮಾತ್ರ ದೂರದಲ್ಲಿ. ಮೀರತ್ ಬಳಿಯ ಸರ್ಧಾನಾದಲ್ಲಿ, ಆಭರಣ ವ್ಯಾಪಾರದ ಜೈನ ಮನೆತನವೊಂದರಲ್ಲಿ, 1844ರಲ್ಲಿ ಜನನ. ರೂರ್ಕಿಯ ಥಾಮಸನ್ ಇಂಜಿನಿಯರಿಂಗ್ ಕಾಲೇಜಿನಲ್ಲಿ ವಿದ್ಯಾಭ್ಯಾಸ. 1866ರಲ್ಲಿ ಇಂದೋರಿನ ಲೋಕೋಪಯೋಗಿ ಇಲಾಖೆಯಲ್ಲಿ ಅಂದಾಜುಪಟ್ಟಿ ತಯಾರಿಸುವ, ನಕ್ಷೆ ಬರೆಯುವ ನೌಕರಿ. ಕಟ್ಟಡಗಳ ಉದ್ದಗಲಗಳನ್ನು ಗೆರೆಗಿಳಿಸುತ್ತ ಎಂಟು ವರ್ಷ ಕಳೆದ ಮೇಲೆ, ಮೂವತ್ತರ ಪ್ರಾಯದಲ್ಲಿ, 1874ರ ಸುಮಾರಿಗೆ ಅವರು ಕ್ಯಾಮರಾ ಹಿಡಿದರು. ಮಧ್ಯಭಾರತದಲ್ಲಿ ಗವರ್ನರ್ ಜನರಲರ ಏಜೆಂಟರಾಗಿದ್ದ ಸರ್ ಹೆನ್ರಿ ಡೇಲಿಯವರೂ ಇಂದೋರಿನ ಹೋಳ್ಕರ್ ಮಹಾರಾಜರೂ ಪ್ರೋತ್ಸಾಹವಿತ್ತರು.

ಈ ಎಂಟು ವರ್ಷಗಳ ನಕ್ಷೆಯ ಕೆಲಸವೇ ದೀನದಯಾಳರ ಕಲೆಯ ತಾಯಿಬೇರು ಎಂಬುದು ನಮ್ಮ ಅಭಿಪ್ರಾಯ. ಎತ್ತರದ ಗೋಪುರದ ಚಿತ್ರ ತೆಗೆಯುವಾಗ ಕ್ಯಾಮರಾವನ್ನು ಮೇಲ್ಮುಖವಾಗಿ ಓರೆ ಮಾಡಿದರೆ ಗೋಪುರದ ಎರಡು ಅಂಚುಗಳೂ ಒಂದರತ್ತ ಒಂದು ವಾಲಿ, ಕಟ್ಟಡವೇ ಹಿಂದಕ್ಕೆ ಬೀಳುತ್ತಿರುವಂತೆ ಕಾಣುತ್ತದೆ. ಹಾಗಾಗದಿರಬೇಕಾದರೆ ಕ್ಯಾಮರಾವನ್ನು ನೆಟ್ಟಗೆ ನಿಲ್ಲಿಸಿ, ಮಸೂರವನ್ನು ಮಾತ್ರ ಮೇಲಕ್ಕೆ ಸರಿಸಬೇಕು. ಇಲ್ಲವೆ ನಿಲ್ಲುವ ಜಾಗವನ್ನೇ ಬದಲಿಸಬೇಕು. ಅವರು ಕಲಿತ ಕಾಲದ ರೂಢಿಯಂತೆ ಗಾಜಿನ ಹಲಗೆಗೆ ಕೊಲೋಡಿಯನ್ ಲೇಪಿಸಿ, ಬೆಳ್ಳಿಯ ಲವಣದ ದ್ರಾವಣದಲ್ಲಿ ಅದ್ದಿ, ಅದು ಆರುವ ಮೊದಲೇ ಚಿತ್ರ ತೆಗೆದು ಸಂಸ್ಕರಿಸಬೇಕಾಗಿತ್ತು. ಕತ್ತಲೆಯ ಡೇರೆ ಪಕ್ಕದಲ್ಲಿಯೇ ಇರಬೇಕು. ಇಷ್ಟೆಲ್ಲ ಪಾಡುಪಟ್ಟು ಒಂದು ಚಿತ್ರ ತೆಗೆಯುವವನು ಎಲ್ಲಿ ನಿಲ್ಲಬೇಕು, ನೆರಳು ಎಲ್ಲಿ ಬೀಳಬೇಕು ಎಂಬುದನ್ನು ಮೊದಲೇ ಗುಣಿಸಿ ನೋಡದಿದ್ದರೆ ಗತಿಯಿಲ್ಲ.

1882–83ರಲ್ಲಿ ಸರ್ ಲೆಪೆಲ್ ಗ್ರಿಫಿನ್ನರೊಡನೆ ಬುಂದೇಲಖಂಡದ ಕಡೆ ಸಂಚರಿಸಿದಾಗ ಈ ಅಳತೆಯ ಕಣ್ಣು ಪೂರ್ಣವಾಗಿ ತೆರೆಯಿತು. ಗ್ವಾಲಿಯರ್, ಖಜುರಾಹೊ, ಸಾಂಚಿ, ದತಿಯಾ, ಓರ್ಛಾಗಳ ಆ ಚಿತ್ರಗಳು 1886ರಲ್ಲಿ ಮಧ್ಯಭಾರತದ ಪ್ರಸಿದ್ಧ ಸ್ಮಾರಕಗಳ ಗ್ರಂಥವಾಗಿ ಲಂಡನ್ನಿನಲ್ಲಿ ಹೊರಬಂದವು. ಕಲ್ಲಿನ ಮೈಯ ಒರಟು, ಕೆತ್ತನೆಯ ಆಳ, ಕಟ್ಟಡದ ತೂಕ, ಇವು ಆ ಚಿತ್ರಗಳಲ್ಲಿ ಕೈಗೆ ಸಿಗುವಂತಿವೆ.

1880ರ ದಶಕದ ಉತ್ತರಾರ್ಧದಲ್ಲಿ ಸರ್ಕಾರಿ ನೌಕರಿಯನ್ನು ಬಿಟ್ಟು ಅವರು ಸಿಕಂದರಾಬಾದಿನಲ್ಲಿ ನೆಲಸಿದರು. ಕಲ್ಲು ಕದಲುವುದಿಲ್ಲ, ಮನುಷ್ಯ ಕದಲುತ್ತಾನೆ, ಸಂಕೋಚಪಡುತ್ತಾನೆ, ಬಿಂಕ ತೋರುತ್ತಾನೆ. ನವಾಬರು, ಜಹಗೀರುದಾರರು, ಆಂಗ್ಲ ಅಧಿಕಾರಿಗಳು ಅವರ ಕ್ಯಾಮರಾದ ಮುಂದೆ ಬಂದು ಕುಳಿತರು. ಗುಂಪಿನ ಚಿತ್ರಗಳಲ್ಲಿ ಹಿಂದೆ ನಿಂತವರು, ನಡುವೆ ಕುಳಿತವರು, ಮುಂದೆ ನೆಲದ ಮೇಲೆ ಕೂತವರು ಎಂದು ಜನರನ್ನು ಜೋಡಿಸಿದ ರೀತಿಯಲ್ಲಿ ಹಳೆಯ ನಕ್ಷೆಗಾರನೇ ಕಾಣುತ್ತಾನೆ. ಆದರೆ ಒಬ್ಬೊಬ್ಬರೇ ಇರುವ ಚಿತ್ರಗಳಲ್ಲಿ ಹೊಸತೊಂದು ಮೃದುತ್ವವಿದೆ. ಅಲ್ಲಿ ಜರತಾರಿಯನ್ನು ದಾಟಿ ಕಣ್ಣು ಮುಖಕ್ಕೆ ಹೋಗುತ್ತದೆ. ಇನ್ನು ಸತ್ತ ಹುಲಿಯನ್ನು ಮುಂದಿಟ್ಟುಕೊಂಡು ದೊಡ್ಡವರು ನಿಂತ ಬೇಟೆಯ ಚಿತ್ರಗಳು. 1902ರಲ್ಲಿ ಲಾರ್ಡ್ ಕರ್ಜನ್ನರದೂ ಒಂದು ಉಂಟು. ಇವು ನಮಗೆ ಅಷ್ಟಾಗಿ ಹಿಡಿಸವು. ಅವುಗಳಲ್ಲಿ ಕುಶಲತೆಯುಂಟು, ಕುತೂಹಲವಿಲ್ಲ.

1892ರಲ್ಲಿ ಹೈದರಾಬಾದಿನಲ್ಲಿ ಗೋಷಾ ಸ್ತ್ರೀಯರಿಗಾಗಿಯೇ ಎತ್ತರದ ಗೋಡೆಗಳ ಒಳಗೆ ಒಂದು ಜನಾನಾ ಚಿತ್ರಶಾಲೆಯನ್ನು ತೆರೆದರು. ಅಲ್ಲಿ ಚಿತ್ರ ತೆಗೆಯುತ್ತಿದ್ದವರು ಶ್ರೀಮತಿ ಕೆನ್ನಿ ಲೆವಿಕ್ ಎಂಬ ಆಂಗ್ಲ ಮಹಿಳೆ. 1894ರಲ್ಲಿ ನಿಜಾಮರು ‘ರಾಜಾ ಬಹದ್ದೂರ್ ಮುಸವ್ವಿರ್ ಜಂಗ್’ ಎಂಬ ಬಿರುದನ್ನಿತ್ತರು. ಮುಸವ್ವಿರ್ ಎಂದರೆ ಚಿತ್ರಗಾರ. ಯಂತ್ರದಿಂದ ತೆಗೆದದ್ದು ಕಲೆಯೇ ಎಂದು ಯೂರೋಪಿನಲ್ಲಿ ಇನ್ನೂ ವಾದ ನಡೆಯುತ್ತಿದ್ದಾಗ, ನಮ್ಮ ದಖ್ಖನದ ದರ್ಬಾರು ಕುಂಚ ಹಿಡಿದವನ ಹೆಸರನ್ನೇ ಕ್ಯಾಮರಾ ಹಿಡಿದವನಿಗೂ ಕೊಟ್ಟಿತು.

ಆಜ್ಞೆಯಂತೆ ಚಿತ್ರ ತೆಗೆದವನಿಗೆ ಸ್ವಂತ ದೃಷ್ಟಿ ಎಲ್ಲಿಯದು ಎಂದು ಕೇಳುವವರುಂಟು. ಪ್ರಶ್ನೆ ನ್ಯಾಯವಾದುದೇ. ಬರಗಾಲದ ಚಿತ್ರಗಳನ್ನು ಮುಂದಿಟ್ಟು ಇದನ್ನು ಯೋಚಿಸಬಹುದು. ಬಳ್ಳಾರಿ, ಆದವಾನಿ ಸೀಮೆಗಳನ್ನೂ ಮೈಸೂರನ್ನೂ ಹಾಳುಗೆಡಹಿದ 1876–78ರ ಬರವನ್ನು ಧಾತು ಈಶ್ವರ ಕ್ಷಾಮವೆಂದು ನಮ್ಮ ಹಿರಿಯರು ಕರೆದರು. ಆಗ ಮದ್ರಾಸ್ ಸೈನ್ಯದ ಹೂಪರ್ ಎಂಬ ಅಧಿಕಾರಿ ಎಲುಬು ಬಿಟ್ಟುಕೊಂಡ ಜನರನ್ನು ಗುಂಪುಗುಂಪಾಗಿ ಕೂರಿಸಿ ಚಿತ್ರ ತೆಗೆದನು. ಆ ಶತಮಾನದ ಕೊನೆಯ ಬರದಲ್ಲಿ ದೀನದಯಾಳರ ಸಂಸ್ಥೆ ತೆಗೆದದ್ದು ನಿಜಾಮ ಸರ್ಕಾರದ ಪರಿಹಾರಕಾರ್ಯದ ಚಿತ್ರಗಳು; ಸರ್ಕಾರದ ಪುಣ್ಯಕಾರ್ಯವನ್ನು ತೋರಿಸುವುದೇ ಉದ್ದೇಶ. ಉದ್ದೇಶ ಅದೇ ಆದರೂ ಅನ್ನಕ್ಕಾಗಿ ಕಾದವರ ಮುಖಗಳನ್ನು ಆ ಚಿತ್ರಗಳಿಂದ ಅಳಿಸಲಾಗಲಿಲ್ಲ. ಹಸಿದವರನ್ನು ಅವರು ಪ್ರದರ್ಶನದ ವಸ್ತುವಾಗಿಸಲಿಲ್ಲವೆಂದು ಹೇಳಬಹುದೇ ಹೊರತು ಆಳುವವರನ್ನು ಪ್ರಶ್ನಿಸಿದರೆಂದು ಹೇಳುವುದು ಅತಿಯಾದೀತು.

ಮತ್ತೊಂದು ತೊಡಕೂ ಇದೆ. 1896ರಲ್ಲಿ ಮುಂಬಯಿಯಲ್ಲಿಯೂ ಶಾಖೆ ತೆರೆದ ಈ ಸಂಸ್ಥೆಯಲ್ಲಿ ಅವರ ಮಕ್ಕಳೂ ಅನೇಕ ನೌಕರರೂ ದುಡಿಯುತ್ತಿದ್ದರು. ಯಜಮಾನನ ಹೆಸರು ಹೊತ್ತ ಎಲ್ಲ ಚಿತ್ರಗಳೂ ಯಜಮಾನನ ಕೈಯವಲ್ಲ. ಸೋಮನಾಥಪುರದಲ್ಲಿ ಶಿಲ್ಪಿ ಮಲ್ಲಿತಮ್ಮ ತನ್ನ ಹೆಸರನ್ನು ಕಲ್ಲಿನಲ್ಲಿ ಕೊರೆದುಹೋದ; ಸಿಕಂದರಾಬಾದಿನ ಕತ್ತಲೆಕೋಣೆಯಲ್ಲಿ ಕೈ ಕಪ್ಪುಮಾಡಿಕೊಂಡವರಿಗೆ ಆ ಭಾಗ್ಯವಿರಲಿಲ್ಲ.

ದೀನದಯಾಳರು 1905ರಲ್ಲಿ ತೀರಿಕೊಂಡರು. ಅವರ 2857 ಗಾಜಿನ ನೆಗೆಟಿವ್‌ಗಳನ್ನು 1989ರಲ್ಲಿ ದೆಹಲಿಯ ಇಂದಿರಾಗಾಂಧಿ ರಾಷ್ಟ್ರೀಯ ಕಲಾಕೇಂದ್ರವು ಕೊಂಡುಕೊಂಡಿತು. ಮನೆಮನೆಗಳಲ್ಲಿ ಉಳಿದ ಪ್ರತಿಗಳ ಲೆಕ್ಕ ಬೇರೆ. ನಮ್ಮ ಸೀಮೆಯ ಹಳೆಯ ದೇಶಮುಖರ, ದೇಶಪಾಂಡೆಯವರ ವಾಡೆಗಳಿಗೆ ಹೋದಾಗ, ಗೋಡೆಯ ಮೇಲಿನ ಕಂದಿದ ಚಿತ್ರವನ್ನು ಅಪ್ಪಣೆ ಪಡೆದು ಕೆಳಗಿಳಿಸಿ, ರಟ್ಟಿನ ಮೇಲೆ ಅಚ್ಚಾಗಿರುವ ಚಿತ್ರಶಾಲೆಯ ಹೆಸರನ್ನೂ ಚಿತ್ರದಲ್ಲಿರುವವರ ಹೆಸರನ್ನೂ ಬರೆದುಕೊಂಡು ಬರುವ ಉಪಾಧ್ಯಾಯರು ಬೇಕಾಗಿದ್ದಾರೆ. ಮುಖಗಳನ್ನು ಗುರುತು ಹೇಳಬಲ್ಲ ಮುದುಕರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ.