ವಿದ್ಯಾಧನವೂ ಯೂಟ್ಯೂಬಿನ ಕೃತಿಸ್ವಾಮ್ಯವೂ

ಬೀದರ ಜಿಲ್ಲೆಯ ಇಂದಿನ ಬಸವಕಲ್ಯಾಣವು ಚಾಲುಕ್ಯರ ರಾಜಧಾನಿಯಾಗಿದ್ದಾಗ, ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ರಚಿಸಿದನೆಂಬುದು ವಿದ್ವಜ್ಜನರಿಗೆ ಸುವಿದಿತವೇ. ಸ್ವಾಮ್ಯವು ಶಾಸ್ತ್ರದಿಂದ ಮಾತ್ರವೇ ತಿಳಿಯುವಂಥದಲ್ಲ, ಲೋಕವ್ಯವಹಾರದಿಂದ ಸಿದ್ಧವಾದುದು ಎಂಬುದು ಆತನ ಸಿದ್ಧಾಂತ. ಪಿತೃದ್ರವ್ಯವನ್ನು ವ್ಯಯಮಾಡದೆ ವಿದ್ಯೆಯಿಂದ ಗಳಿಸಿದ ಧನದಲ್ಲಿ ದಾಯಾದರಿಗೆ ಪಾಲಿಲ್ಲವೆಂಬುದೂ ಅಲ್ಲಿಯೇ ನಿರ್ಣೀತವಾಗಿದೆ. ಅದೇ ಸೀಮೆಯ ಗಾಯಕರಿಗೆ ಈಗ ಒದಗಿರುವ ಹೊಸದೊಂದು ವ್ಯವಹಾರವನ್ನು ಈ ಎರಡು ನಿರ್ಣಯಗಳ ಬೆಳಕಿನಲ್ಲಿ ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

ಭಾರತದಲ್ಲಿ ಕೃತಿಸ್ವಾಮ್ಯವನ್ನು ಇಂದು ನಿಯಮಿಸುವುದು 1957ರ ಕಾಯಿದೆ. ಸಾಹಿತ್ಯ ಸಂಗೀತಗಳ ಸ್ವಾಮ್ಯವು ಕರ್ತೃವಿನ ಮರಣದ ಬಳಿಕ 60 ವರ್ಷ, ಧ್ವನಿಮುದ್ರಿಕೆಯದು ಪ್ರಕಟಣೆಯ ಬಳಿಕ 60 ವರ್ಷ ನಿಲ್ಲುತ್ತದೆ. ಆದಕಾರಣ 12ನೆಯ ಶತಮಾನದ ವಚನಗಳು ಸಮಸ್ತ ಕನ್ನಡಿಗರ ಪಿತೃದ್ರವ್ಯ. ಆದರೆ ಆ ವಚನಕ್ಕೆ ಒಬ್ಬನು ಹೊಸದಾಗಿ ಕೂಡಿಸಿದ ಧಾಟಿಯೂ, ಅದರ ಮುದ್ರಿಕೆಯೂ ಬೇರೆ ಸ್ವತ್ತುಗಳು.

ಯೂಟ್ಯೂಬು 2005ರಲ್ಲಿ ಹುಟ್ಟಿತು. ಮರುವರ್ಷವೇ ಗೂಗಲ್ ಸಂಸ್ಥೆಯು ಅದನ್ನು 165 ಕೋಟಿ ಡಾಲರುಗಳಿಗೆ ಕೊಂಡುಕೊಂಡಿತು. 2007ರಿಂದ ಜಾಹೀರಾತಿನ ಆದಾಯದಲ್ಲಿ ವಿಡಿಯೋ ಮಾಡಿದವರಿಗೂ ಭಾಗ ಸಲ್ಲತೊಡಗಿತು. ದೀರ್ಘ ವಿಡಿಯೋಗಳಲ್ಲಿ ಅದು ನೂರಕ್ಕೆ 55. ಮನ್ನಳ್ಳಿಯಂತಹ ಗ್ರಾಮದ ಭಜನಾಮಂಡಳಿಗೂ ಹೀಗೆ ವಿದ್ಯಾಧನದ ದಾರಿಯೊಂದು ತೆರೆಯಿತೆನ್ನಬಹುದು.

ಆದರೆ ದಾರಿಯು ನಿಷ್ಕಂಟಕವಲ್ಲ. ಅದೇ 2007ರಲ್ಲಿ ಕಂಟೆಂಟ್ ಐಡಿ ಎಂಬ ಯಂತ್ರವ್ಯವಸ್ಥೆಯು ಬಂದಿತು. ಸ್ವಾಮಿಗಳು ಒಪ್ಪಿಸಿದ ಮಾದರಿಗಳೊಡನೆ ಅದು ಪ್ರತಿಯೊಂದು ವಿಡಿಯೋವನ್ನೂ ಹೋಲಿಸಿ ನೋಡುತ್ತದೆ. ಹೋಲಿಕೆ ಕಂಡಲ್ಲಿ ಆದಾಯವು ಮಾದರಿ ಒಪ್ಪಿಸಿದವರಿಗೆ ಸಲ್ಲಬಹುದು. ವಿಪುಲವಾದ ಕೃತಿಗಳ ಒಡೆತನವುಳ್ಳ ಸಂಸ್ಥೆಗಳಿಗೆ ಮಾತ್ರ ಈ ಸೌಕರ್ಯವುಂಟು. ಹಳ್ಳಿಯ ಗಾಯಕನು ತನ್ನ ಹಾಡಿನ ಅಪಹಾರವನ್ನು ತಾನೇ ಹುಡುಕಿ ದೂರು ಕೊಡಬೇಕು. ತಾಣದ ಒಡೆಯರಾದರೋ, ದಿಲ್ಲಿ ಉಚ್ಚ ನ್ಯಾಯಾಲಯವು ಮೈಸ್ಪೇಸ್ ಮೊಕದ್ದಮೆಯಲ್ಲಿ (2016) ಹೇಳಿದಂತೆ, ಕೃತಿಯನ್ನು ನಿರ್ದಿಷ್ಟವಾಗಿ ತೋರಿಸಿ ತಿಳಿಸಿದ ಹೊರತು ಹೊಣೆಗಾರರಾಗುವುದಿಲ್ಲ.

ದೊಡ್ಡವರೂ ಈ ಭಯದಿಂದ ಮುಕ್ತರಲ್ಲ. 2022ರಲ್ಲಿ ತೆರೆಕಂಡ ಕಾಂತಾರ ಚಿತ್ರದ ವರಾಹರೂಪಂ ಗೀತವು ತಮ್ಮ ನವರಸಂ ಗೀತವನ್ನು ಹೋಲುತ್ತದೆಂದು ಕೇರಳದ ತೈಕ್ಕುಡಂ ಬ್ರಿಜ್ ವಾದ್ಯವೃಂದದವರು ವಾದಿಸಿದರು. ಕೋಳಿಕೋಡಿನ ನ್ಯಾಯಾಲಯವು ತಾತ್ಕಾಲಿಕ ತಡೆಯಾಜ್ಞೆಯನ್ನಿತ್ತಿತು. ಗೀತವು ಕೆಲಕಾಲ ಯೂಟ್ಯೂಬಿನಿಂದ ಮರೆಯಾಯಿತು.

ಇದರಿಂದ ನಿಷ್ಪನ್ನವಾಗುವ ತಾತ್ಪರ್ಯವಿಷ್ಟು. ವಚನವನ್ನು ಸ್ವಂತ ಧಾಟಿಯಲ್ಲಿ, ಸ್ವಂತ ವಾದ್ಯದೊಡನೆ ಹಾಡಿದವನ ಗಳಿಕೆಯು ನಿರ್ವಿವಾದವಾಗಿ ಅವನದೇ. ಸಿನಿಮಾದ ಧಾಟಿಯನ್ನೋ, ಕೊಂಡುತಂದ ವಾದ್ಯಮುದ್ರಿಕೆಯನ್ನೋ ಅನುಮತಿಯಿಲ್ಲದೆ ಕೂಡಿಸಿದೊಡನೆ ಪರದ್ರವ್ಯವು ಬೆರೆಯುತ್ತದೆ. ಪಾಲು ಕೇಳುವವರೂ ಹುಟ್ಟುತ್ತಾರೆ. ಸ್ವಾಮ್ಯವು ಲೋಕಸಿದ್ಧವಾದುದರಿಂದ ಸಾಕ್ಷ್ಯವೂ ಲೋಕಕ್ಕೆ ಕಾಣುವಂತಿರಬೇಕು. ಆದುದರಿಂದ ಧಾಟಿ ಕೂಡಿಸಿದವರ, ಹಾಡಿದವರ, ನುಡಿಸಿದವರ ಹೆಸರುಗಳನ್ನೂ ಮುದ್ರಿಸಿದ ದಿನವನ್ನೂ ಮಂಡಳಿಗಳು ಬರೆದಿಡುವುದು ಅವಶ್ಯಕರ್ತವ್ಯ. ಶರಣರು ತಮ್ಮ ವಚನಗಳಲ್ಲಿ ಅಂಕಿತವನ್ನಿರಿಸಿದುದರಿಂದಲೇ ಇಂದಿಗೂ ಕರ್ತೃನಿರ್ಣಯವು ನಮಗೆ ಸಾಧ್ಯವಾಗಿದೆಯೆಂಬುದನ್ನು ಇಲ್ಲಿ ಸ್ಮರಿಸಬಹುದು.