ಕರ್ನಲ್‌ನ ಗಡಿಕಲ್ಲುಗಳು

ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್ಲನ್ನು ಹತ್ತಾರು, ಕೆಲವೊಮ್ಮೆ ಸಾವಿರಾರು ಫೈಲುಗಳಲ್ಲಿ ಬರೆದಿರುತ್ತಾರೆ. ಕಂಪೈಲರ್ ಒಂದೊಂದು ಫೈಲನ್ನೂ ಬೇರೆಬೇರೆಯಾಗಿ ಯಂತ್ರಭಾಷೆಗೆ ಇಳಿಸುತ್ತದೆ. ಒಂದು ಫೈಲಿನ ಫಂಕ್ಷನ್ನನ್ನು ಇನ್ನೊಂದು ಫೈಲು ಹೆಸರು ಹಿಡಿದು ಕರೆಯುತ್ತದೆಯೇ ಹೊರತು ಅದರ ವಿಳಾಸ ಇದಕ್ಕೆ ಗೊತ್ತಿರುವುದಿಲ್ಲ. ಎಲ್ಲವನ್ನೂ ಸಾಲಾಗಿ ಜೋಡಿಸಿ ಹೆಸರಿಗೊಂದು ವಿಳಾಸ ಕೊಡುವುದು ಲಿಂಕರ್‌ನ ಕೆಲಸ. ಈ ಹೆಸರುಗಳೇ ಸಿಂಬಲ್‌ಗಳು. ಬೇರೆ ಪ್ರೋಗ್ರಾಂಗಳನ್ನು ಮೆಮರಿಗೆ ತಂದು ಕೂರಿಸಲು ಕರ್ನಲ್ ಇರುತ್ತದೆ. ಕರ್ನಲ್ಲಿಗೆ ಆ ಆಸರೆ ಇಲ್ಲ. ತಾನು ಎಲ್ಲಿ ಮುಗಿಯುತ್ತೇನೆ, ಖಾಲಿ ಜಾಗ ಎಲ್ಲಿಂದ ಶುರು ಎಂಬುದನ್ನು ಅದೇ ತಿಳಿದಿರಬೇಕು. ಅದಕ್ಕಾಗಿ ಯಾವ ಪ್ರೋಗ್ರಾಮರನೂ ಜಾಗ ಕೊಡದ ಕೆಲವು ಹೆಸರುಗಳನ್ನು ಲಿಂಕರ್ ತಾನೇ ಹುಟ್ಟಿಸುತ್ತದೆ.

ಇವುಗಳಿಗೆ ಸಂಬಂಧಿಸಿದ ಒಂದು ಪದ ಯುನಿಕ್ಸ್‌ಗಿಂತಲೂ ಹಳೆಯದು. ಆರಂಭದಲ್ಲಿ ಸೊನ್ನೆಯಾಗಿರಬೇಕಾದ ದತ್ತಾಂಶದ ಜಾಗಕ್ಕೆ ಇಂದಿಗೂ ಬಿಎಸ್ಎಸ್ ಎನ್ನುತ್ತಾರೆ. ಅದು 1950ರ ದಶಕದ ನಡುವಿನಲ್ಲಿ ಐಬಿಎಂ 704 ಯಂತ್ರದ ಅಸೆಂಬ್ಲರಿನಲ್ಲಿದ್ದ, 'ಸಿಂಬಲ್ಲಿನಿಂದ ಆರಂಭವಾಗುವ ಬ್ಲಾಕ್' ಎಂಬರ್ಥದ ಆದೇಶದ ಸಂಕ್ಷಿಪ್ತರೂಪ. ಆ ಯಂತ್ರದ 36 ಬಿಟ್‌ಗಳ ಒಂದು ಪದದಲ್ಲಿ ಆರು ಅಕ್ಷರ ಹಿಡಿಯುತ್ತಿದ್ದವು. ಆರಕ್ಷರದ ಈ ಕಟ್ಟು ಎಷ್ಟು ಗಟ್ಟಿಯೆಂದರೆ, 1989ರ ಸಿ ಭಾಷೆಯ ಪ್ರಮಾಣಗ್ರಂಥ ಕೂಡ ಹೊರಗಿನ ಹೆಸರುಗಳಲ್ಲಿ ಮೊದಲ ಆರು ಅಕ್ಷರಗಳಿಗಷ್ಟೇ ಭರವಸೆ ಕೊಟ್ಟಿತು. ಭಾಷೆಯನ್ನು ಅತ್ಯಂತ ಬಡ ಲಿಂಕರ್‌ನ ಅಳತೆಗೆ ಹೊಲಿದಂತೆ.

ಯುನಿಕ್ಸ್‌ನಲ್ಲಿ ಮಿತಿ ಎಂಟು ಅಕ್ಷರ. ಅದರಲ್ಲೂ ಒಂದು ಕಂಪೈಲರಿನ ಪಾಲು: ಸಿ ಭಾಷೆಯ ಪ್ರತಿ ಹೆಸರಿನ ಮುಂದೆ ಅದು ಒಂದು ಅಂಡರ್‌ಸ್ಕೋರ್ ಸೇರಿಸುತ್ತಿತ್ತು. ಯುನಿಕ್ಸ್ ಓಡುತ್ತಿದ್ದ ಪಿಡಿಪಿ-11 ಯಂತ್ರದ ಅಸೆಂಬ್ಲರಿಗೆ 'ಆರ್0' ಎಂದರೆ ರಿಜಿಸ್ಟರ್. ಸಿ ಬರೆಯುವವರು ಅದೇ ಹೆಸರಿನ ವೇರಿಯಬಲ್ ಇಟ್ಟರೆ ಎರಡೂ ಬೆರೆತು ಹೋಗದಂತೆ ಈ ಗೆರೆ ಬೇಲಿಯಾಗಿ ನಿಲ್ಲುತ್ತಿತ್ತು.

ಯುನಿಕ್ಸ್‌ನ 1975ರ ಆರನೆಯ ಆವೃತ್ತಿಯ ಕರ್ನಲ್ ಏಳುವ ಕ್ಷಣವನ್ನು ಹತ್ತಿರದಿಂದ ನೋಡಿದರೆ ಈ ಹೆಸರುಗಳ ಕೆಲಸ ಸ್ಪಷ್ಟವಾಗುತ್ತದೆ. ಲಿಂಕರ್ ಕೊಟ್ಟ ಗುರುತುಗಳು ಮೂರು: ಕೋಡ್ ಮುಗಿಯುವಲ್ಲಿ 'ಇಟೆಕ್ಸ್ಟ್', ಬೆಲೆ ತುಂಬಿದ ದತ್ತಾಂಶ ಮುಗಿಯುವಲ್ಲಿ 'ಇಡೇಟಾ', ಎಲ್ಲದರ ಕೊನೆಗೆ 'ಎಂಡ್'. ಪಿಡಿಪಿ-11/40ರ ಅಸೆಂಬ್ಲಿ ಫೈಲು ಮೊದಲು 'ಎಂಡ್'ನ ವಿಳಾಸಕ್ಕೆ 63 ಕೂಡಿಸಿ, 64 ಬೈಟ್‌ಗಳ ಲೆಕ್ಕಕ್ಕೆ ಮೇಲ್ಮಟ್ಟ ಮಾಡಿ, ಅಲ್ಲಿಂದಾಚೆಗೆ ಮೊದಲ ಪ್ರಕ್ರಿಯೆಯ ಖಾಸಗಿ ದತ್ತಾಂಶಕ್ಕೆ ಜಾಗ ಹಿಡಿಯುತ್ತದೆ. ಬಳಿಕ 'ಇಡೇಟಾ'ದಿಂದ 'ಎಂಡ್'ವರೆಗೆ ಪದಪದವಾಗಿ ಸೊನ್ನೆ ತುಂಬುತ್ತದೆ. ಆಮೇಲಷ್ಟೇ 'ಮೇನ್' ಎಂಬ ಸಿ ಫಂಕ್ಷನ್ನಿನ ಸರದಿ. ಆ ಖಾಸಗಿ ದತ್ತಾಂಶದ ಹೆಸರು 'ಯು', ಬರೀ ಒಂದಕ್ಷರ. ಅದಕ್ಕೆ ಯಾವ ಫೈಲಿನಲ್ಲೂ ಜಾಗವಿಲ್ಲ. ಅಸೆಂಬ್ಲಿ ಫೈಲಿನ ಒಂದು ಸಾಲು ಅದನ್ನು ಅಷ್ಟಮಾನದ 140000 ಎಂಬ ವಿಳಾಸಕ್ಕೆ ಸಮವೆಂದು ಸಾರುತ್ತದೆ, ಅಷ್ಟೇ. ಪ್ರಕ್ರಿಯೆ ಬದಲಾದಾಗ ಆ ವಿಳಾಸದ ಹಿಂದಿನ ಮೆಮರಿ ಬದಲಾಗುತ್ತದೆ, ಹೆಸರು ಕದಲುವುದಿಲ್ಲ.

ಹೊರಗಿನ ಪ್ರೋಗ್ರಾಂಗಳೂ ಈ ಪಟ್ಟಿಯನ್ನೇ ನಂಬಿದ್ದವು. ನಡೆಯುತ್ತಿರುವ ಪ್ರಕ್ರಿಯೆಗಳನ್ನು ತೋರಿಸುವ 'ಪಿಎಸ್' ಆದೇಶ ಡಿಸ್ಕಿನಲ್ಲಿದ್ದ ಕರ್ನಲ್ ಫೈಲನ್ನು ತೆರೆದು 'ಪ್ರಾಕ್', 'ಸ್ವಾಪ್‌ಡೆವ್' ಎಂಬ ಹೆಸರುಗಳ ವಿಳಾಸ ಹುಡುಕಿ, ನೇರ ಮೆಮರಿಗೇ ಕೈಹಾಕಿ ಓದುತ್ತಿತ್ತು. 'ಸ್ವಾಪ್‌ಡೆವ್' ಇಂಗ್ಲಿಷಿನಲ್ಲಿ ಏಳು ಅಕ್ಷರ. ಮುಂದಿನ ಗೆರೆ ಸೇರಿದರೆ ಸರಿಯಾಗಿ ಎಂಟು. ಕರ್ನಲ್ಲನ್ನು ಹೊಸದಾಗಿ ಕಟ್ಟಿ, ಯಂತ್ರವನ್ನು ಮರುಚಾಲನೆ ಮಾಡದೆ ಬಿಟ್ಟರೆ ಫೈಲಿನ ವಿಳಾಸಗಳೇ ಬೇರೆ, ಓಡುತ್ತಿರುವುದರ ವಿಳಾಸಗಳೇ ಬೇರೆ. ಆಗ ಪಿಎಸ್ ಹೇಳಿದ್ದೆಲ್ಲ ಕಸ. ಸಿಂಬಲ್ ಪಟ್ಟಿ ಅದನ್ನು ಹುಟ್ಟಿಸಿದ ಆ ಒಂದು ಲಿಂಕಿಗಷ್ಟೇ ನಿಜ ಎಂಬ ಈ ತೊಡಕು ಮುಂದೆಯೂ ಬಗೆಬಗೆಯಾಗಿ ಕಾಡಿತು.

ಎಂಟಕ್ಷರದ ಮಿತಿಯನ್ನು ಬರ್ಕ್ಲಿ ಯುನಿಕ್ಸ್ ಮುರಿಯಿತು: ಹೆಸರುಗಳಿಗೆ ಪ್ರತ್ಯೇಕ ಕೋಷ್ಟಕ ಮಾಡಿ, ಸಿಂಬಲ್ಲಿನ ನಮೂದಿನಲ್ಲಿ ಅಲ್ಲಿಗೊಂದು ಸೂಚಿಯನ್ನಷ್ಟೇ ಉಳಿಸಿತು. ಅಂಡರ್‌ಸ್ಕೋರ್ ಮಾತ್ರ ಇನ್ನಷ್ಟು ಕಾಲ ಬಾಳಿತು. 1991ರಲ್ಲಿ ಲೀನಸ್ ಟೊರ್ವಾಲ್ಡ್ಸ್ ಬರೆದ ಲಿನಕ್ಸ್‌ನ ಆರಂಭದ ಅಸೆಂಬ್ಲಿ ಫೈಲಿನಲ್ಲೂ 'ಮೇನ್' ಹೆಸರಿಗೆ ಆ ಗೆರೆ ಅಂಟಿಕೊಂಡಿದೆ. 1990ರ ದಶಕದ ನಡುವೆ ಲಿನಕ್ಸ್ ಇಎಲ್‌ಎಫ್ ಎಂಬ ಫೈಲ್ ರೂಪಕ್ಕೆ ಹೊರಳಿದಾಗ ಗೆರೆ ಬೇಡವಾಯಿತು. ಆದರೆ ಹಳೆಯದೂ ಹೊಸದೂ ಒಟ್ಟಿಗೆ ಬಳಕೆಯಲ್ಲಿದ್ದುದರಿಂದ, ಬೇಕಾದಲ್ಲಿ ಗೆರೆ ಹಚ್ಚಿ ಬೇಡವಾದಲ್ಲಿ ಬಿಡುವ 'ಸಿಂಬಲ್ ನೇಮ್' ಎಂಬ ಮ್ಯಾಕ್ರೋ ಕರ್ನಲ್ಲಿನಲ್ಲಿ ವರ್ಷಗಟ್ಟಲೆ ಉಳಿಯಿತು.

ಲಿನಕ್ಸ್‌ನಲ್ಲಿ ಗುರುತುಗಳನ್ನು ಎಲ್ಲಿ ನೆಡಬೇಕೆಂದು ಲಿಂಕರ್ ಸ್ಕ್ರಿಪ್ಟ್ ಹೇಳುತ್ತದೆ. ಅದರಲ್ಲಿ ಒಂದು ಚುಕ್ಕೆ ಎಂದರೆ 'ಸದ್ಯ ತಲುಪಿರುವ ವಿಳಾಸ'. ಕೊನೆಯಲ್ಲಿ 'ಎಂಡ್' ಸಮ ಚುಕ್ಕೆ ಎಂದು ಬರೆದರೆ ಹೆಸರು ಸಿದ್ಧ. ಹೊಸಬರು ಎಡವುವುದು ಇಲ್ಲೇ: ಸಿ ಭಾಷೆಯಲ್ಲಿ 'ಎಂಡ್'ನ ಬೆಲೆಯನ್ನು ಓದಿದರೆ ಆ ಜಾಗದಲ್ಲಿ ಬಿದ್ದಿರುವ ಯಾವುದೋ ಬೈಟು ಸಿಗುತ್ತದೆ. ಹೊಲದ ಗಡಿಕಲ್ಲಿನಲ್ಲಿ ಬೆಳೆ ಹುಡುಕಿದ ಹಾಗೆ. ಕೇಳಬೇಕಾದದ್ದು ಕಲ್ಲು ನಿಂತಿರುವ ಜಾಗ, ಅಂದರೆ ವಿಳಾಸ. ಇದನ್ನು ಮರೆಯದಿರಲೆಂದೇ ಇಂಥ ಹೆಸರುಗಳನ್ನು ಅರೇ ಎಂದು ಘೋಷಿಸುವ ರೂಢಿ ಬೆಳೆದಿದೆ.

ಲಿಂಕ್ ಮುಗಿದ ಮೇಲೆ 'ಎನ್‌ಎಂ' ಆದೇಶದಿಂದ ಹೆಸರು-ವಿಳಾಸಗಳನ್ನು ತೆಗೆದು 'ಸಿಸ್ಟಮ್ ಮ್ಯಾಪ್' ಎಂಬ ಫೈಲಿನಲ್ಲಿಡುತ್ತಾರೆ. ಕರ್ನಲ್ ಕುಸಿದಾಗ ಪರದೆಗೆ ಬರುತ್ತಿದ್ದುದು ಬರೀ ಸಂಖ್ಯೆ. ಈ ಫೈಲು ಹಿಡಿದು ಅದನ್ನು ಫಂಕ್ಷನ್ನಿನ ಹೆಸರಾಗಿಸಬೇಕಿತ್ತು. ಬೇರೆ ಕರ್ನಲ್ಲಿನ ಮ್ಯಾಪ್ ಹಿಡಿದರೆ ಪಿಎಸ್‌ನ ಹಳೆಯ ಕಥೆಯೇ: ತಪ್ಪು ಫಂಕ್ಷನ್ ಮೇಲೆ ಆರೋಪ. 2003ರ 2.6 ಆವೃತ್ತಿಯ ಹೊತ್ತಿಗೆ 'ಕಾಲ್‌ಸಿಮ್ಸ್' ಎಂಬ ಏರ್ಪಾಡು ಪಟ್ಟಿಯನ್ನು ಕರ್ನಲ್ಲಿನ ಒಡಲಿಗೇ ಸೇರಿಸಿತು. ಪಟ್ಟಿ ಸೇರಿದರೆ ಗಾತ್ರ ಹಿಗ್ಗುತ್ತದೆ, ವಿಳಾಸಗಳು ಸರಿಯುತ್ತವೆ, ಪಟ್ಟಿಯೇ ಹಳತಾಗುತ್ತದೆ. ಆದ್ದರಿಂದ ಮತ್ತೆ ಲಿಂಕ್ ಮಾಡಿ, ಪಟ್ಟಿಯನ್ನು ಮತ್ತೆ ತೆಗೆದು, ವಿಳಾಸಗಳು ನೆಲೆ ನಿಲ್ಲುವ ತನಕ ಅದೇ ಕೆಲಸವನ್ನು ಮರಳಿ ಮಾಡಬೇಕಾಗುತ್ತದೆ.

2014ರ 3.14 ಆವೃತ್ತಿಯಿಂದ ಕರ್ನಲ್ ಪ್ರತಿ ಬೂಟ್‌ನಲ್ಲೂ ಬೇರೆ ವಿಳಾಸದಲ್ಲಿ ಕೂರಬಲ್ಲದು. ದಾಳಿಕೋರರಿಗೆ ಜಾಗ ಸಿಗದಿರಲೆಂಬ ಈ ಉಪಾಯದಿಂದ ಮ್ಯಾಪ್‌ನ ವಿಳಾಸಗಳು ಬರೀ ಅಂತರದ ಲೆಕ್ಕವಾಗಿವೆ. 2022ರ 6.1 ಆವೃತ್ತಿಯಲ್ಲಿ ರಸ್ಟ್ ಭಾಷೆ ಒಳಬಂದಾಗ ಅದರ ಉದ್ದುದ್ದ ಹೆಸರುಗಳಿಗಾಗಿ ಕಾಲ್‌ಸಿಮ್ಸ್‌ನ ಮಿತಿಯನ್ನು 128ರಿಂದ 512ಕ್ಕೆ ಏರಿಸಲಾಯಿತು. ಆ ಹೆಸರುಗಳ ಮೊದಲ ಅಕ್ಷರ ಮತ್ತೆ ಅಂಡರ್‌ಸ್ಕೋರ್.