ಹದ್ದಿನ ಬಾಲದ ಎಂಟನೆಯ ಗರಿ

1878ರ ಮಾರ್ಚ್ 11ರಂದು ಫಿಲಡೆಲ್ಫಿಯಾದ ಟಂಕಸಾಲೆಯಲ್ಲಿ ಅಚ್ಚೊತ್ತಿದ ಹೊಸ ಬೆಳ್ಳಿ ಡಾಲರಿನ ಹಿಂಬದಿಯಲ್ಲಿ ರೆಕ್ಕೆ ಬಿಚ್ಚಿದ ಹದ್ದೊಂದಿತ್ತು. ಅದರ ಬಾಲದಲ್ಲಿ ಎಂಟು ಗರಿಗಳು. ಹಿಂದಿನ ಅಮೆರಿಕನ್ ನಾಣ್ಯಗಳಲ್ಲಿ ಹದ್ದಿಗೆ ಬೆಸಸಂಖ್ಯೆಯ ಗರಿಗಳಿರುವುದೇ ರೂಢಿಯೆಂಬ ಆಕ್ಷೇಪ ಎದ್ದಿತೆಂದು ಹೇಳುತ್ತಾರೆ. ಅಂತೂ ಕೆಲವೇ ದಿನಗಳಲ್ಲಿ ಎಂಟು ಗರಿಗಳು ಏಳಾದವು. ಆದರೆ ಎಂಟು ಗರಿಯ ಅಚ್ಚುಗಳು ಆಗಲೇ ಸಿದ್ಧವಾಗಿದ್ದವು. ತಿಂಗಳಿಗೆ ಕನಿಷ್ಠ 20 ಲಕ್ಷ ಡಾಲರ್ ಬೆಲೆಯ ಬೆಳ್ಳಿಯನ್ನು ಕೊಂಡು ನಾಣ್ಯವಾಗಿಸಬೇಕೆಂಬ ಬ್ಲ್ಯಾಂಡ್-ಆಲಿಸನ್ ಕಾಯಿದೆ ಬೆನ್ನ ಹಿಂದೆ ನಿಂತಿತ್ತು. ಟಂಕಸಾಲೆಯವರು ಹಳೆಯ ಅಚ್ಚುಗಳನ್ನು ಎಸೆಯದೆ, ಅವುಗಳಲ್ಲಿ ಕೆಲವಕ್ಕೆ ಏಳು ಗರಿಯ ಮೂಲಮುದ್ರೆಯನ್ನು ಮೇಲಿಂದ ಮೇಲೆ ಒತ್ತಿಬಿಟ್ಟರು. ಆ ನಾಣ್ಯಗಳಲ್ಲಿ ಇಂದಿಗೂ ಏಳು ಗರಿಗಳ ಕೆಳಗಿನಿಂದ ಹಳೆಯ ಗರಿಗಳ ತುದಿಗಳು ಇಣುಕುತ್ತವೆ.

ಹಸ್ತಪ್ರತಿಗಳೊಡನೆ ಒಡನಾಡಿದವರಿಗೆ ಇದು ಹೊಸದಲ್ಲ. ಲಿಪಿಕಾರನು ಹೊಡೆದುಹಾಕಿದ ಅಕ್ಷರ ತಿದ್ದಿದ ಅಕ್ಷರದ ಕೆಳಗೆ ಉಳಿದಿರುತ್ತದೆ. ಸಂಪಾದಕನು ಅದನ್ನು ಹಿಡಿದು ಪ್ರತಿಗಳ ವಂಶಾವಳಿಯನ್ನು ಗುರುತಿಸುತ್ತಾನೆ. ನಾಣ್ಯಗಳ ಅಚ್ಚುಭೇದವೂ ಒಂದು ಬಗೆಯ ಪಾಠಾಂತರವೇ. ಈ ಡಾಲರನ್ನು ರೂಪಿಸಿದ ಜಾರ್ಜ್ ಮಾರ್ಗನ್ ಇಂಗ್ಲೆಂಡಿನಿಂದ ಬಂದ ಕೆತ್ತನೆಗಾರ. ಅವನ ಹೆಸರೇ ನಾಣ್ಯಕ್ಕೆ ನಿಂತಿದೆ. ಚಿತ್ರ ಅವನದಾದರೂ, ಪ್ರತಿಯೊಂದು ಅಚ್ಚಿನ ಮೇಲೆ ಇಸವಿಯನ್ನೂ ಟಂಕಸಾಲೆಯ ಗುರುತಿನಕ್ಷರವನ್ನೂ ಕೈಯಿಂದ ಕುಟ್ಟಿ ಮೂಡಿಸುತ್ತಿದ್ದವರು ಅನಾಮಿಕ ಕೆಲಸಗಾರರು. ಕೈ ಒಂದು ಕೂದಲೆಳೆಯಷ್ಟು ಸರಿದರೆ ಇಸವಿ ವಾಲುತ್ತದೆ. ಮೊದಲ ಏಟು ಸಮಾಧಾನವಾಗದೆ ಎರಡನೆಯದನ್ನು ಕೊಟ್ಟರೆ ಅಂಕಿಯೊಂದು ಇಮ್ಮಡಿಯಾಗುತ್ತದೆ. ಆ ಅಚ್ಚು ಸವೆದು ಮೂಲೆ ಸೇರುವವರೆಗೆ ಅದರಿಂದ ಹೊರಟ ನಾಣ್ಯಗಳೆಲ್ಲವೂ ಆ ಗುರುತನ್ನು ಹೊತ್ತಿರುತ್ತವೆ.

ಗುರುತಿಸುವುದಕ್ಕೆ ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ ಮತ್ತು ಓರೆಯಾಗಿ ಬೀಳುವ ಒಂದೇ ದೀಪದ ಬೆಳಕು ಸಾಕು. ಮೊದಲು ಕೇಳಬೇಕಾದ ಪ್ರಶ್ನೆ: ಕಾಣುವ ಗುರುತು ಉಬ್ಬಿದೆಯೋ, ತಗ್ಗಾಗಿದೆಯೋ? ಅಚ್ಚಿನ ಮೇಲಾದ ಬಿರುಕೂ ಗೀರೂ ನಾಣ್ಯದಲ್ಲಿ ಉಬ್ಬುಗೆರೆಯಾಗಿ ಏಳುತ್ತವೆ. ನಾಣ್ಯಕ್ಕೇ ಆದ ಗಾಯ ಯಾವಾಗಲೂ ತಗ್ಗು. ಆಮೇಲೆ ಇಸವಿಯ ಅಂಕಿಗಳು ಅಂಚಿನ ಹಲ್ಲುಸಾಲಿಗೆ ಎಷ್ಟು ಹತ್ತಿರವಿವೆ, ಗುರುತಿನಕ್ಷರ ನೆಟ್ಟಗಿದೆಯೋ ವಾಲಿದೆಯೋ ಎಂಬುದನ್ನು ನೋಡಬೇಕು. ಇಮ್ಮಡಿ ಗೆರೆಗಳ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಅಚ್ಚಿನಲ್ಲಿಯೇ ಇದ್ದ ಇಮ್ಮಡಿ ದುಂಡಗಿದ್ದು, ಅಕ್ಷರದ ಮೂಲೆಗಳಲ್ಲಿ ಕಚ್ಚು ಕಾಣುತ್ತದೆ. ಒತ್ತುವ ಗಳಿಗೆಯಲ್ಲಿ ಅಚ್ಚು ಅದುರಿ ಆದದ್ದು ಚಪ್ಪಟೆಯಾಗಿ, ಮೆಟ್ಟಿಲಿನಂತಿರುತ್ತದೆ. ಈ ಎರಡನೆಯದಕ್ಕೆ ಬೆಲೆಯಿಲ್ಲ. ನಾವೂ ಒಮ್ಮೆ ಒಂದು ನಾಣ್ಯಪ್ರದರ್ಶನದಲ್ಲಿ ಅಂಥ ಮೆಟ್ಟಿಲನ್ನೇ ಅಪರೂಪದ ಭೇದವೆಂದು ನಂಬಿ, ಚೌಕಾಸಿ ಕೂಡ ಮಾಡದೆ ಹಣ ತೆತ್ತು ಬಂದಿದ್ದೇವೆ. ಆ ನಾಣ್ಯ ಇನ್ನೂ ನಮ್ಮಲ್ಲಿದೆ, ಪಾಠಕ್ಕೆಂದು.

ಕೆಲವು ಭೇದಗಳಲ್ಲಿ ಒಂದು ಸಂಸ್ಥೆಯ ಅಂತ್ಯವೇ ದಾಖಲಾಗಿದೆ. ನೆವಾಡಾದ ಕಾರ್ಸನ್ ಸಿಟಿಯ ಟಂಕಸಾಲೆ 1893ರಲ್ಲಿ ನಾಣ್ಯ ಒತ್ತುವುದನ್ನು ನಿಲ್ಲಿಸಿತು. ಬಳಸದೆ ಉಳಿದ ಹಿಂಬದಿಯ ಅಚ್ಚುಗಳ 'ಸಿಸಿ' ಅಕ್ಷರಗಳ ಮೇಲೆ ನ್ಯೂ ಆರ್ಲಿಯನ್ಸಿನ 'ಓ' ಅಕ್ಷರವನ್ನು ಕುಟ್ಟಿ 1900ರಲ್ಲಿ ಅಲ್ಲಿ ಬಳಸಿದರು. ಆ 'ಓ'ದ ಎರಡು ಪಕ್ಕದಲ್ಲಿಯೂ 'ಸಿಸಿ'ಯ ಅವಶೇಷ ಕಾಣುತ್ತದೆ. ಮುಚ್ಚಿದ ಊರಿನ ಹೆಸರು ಇನ್ನೊಂದು ಊರಿನ ಹೆಸರಿನಡಿಯಲ್ಲಿ ಉಸಿರಾಡುತ್ತಿರುವುದನ್ನು ಪರಊರುಗಳಲ್ಲಿ ನೆಲೆಸಿದ ನಮ್ಮಂಥವರು ಸುಮ್ಮನೆ ನೋಡಿ ದಾಟಲಾರೆವು.

ಇಂಥವುಗಳನ್ನೆಲ್ಲ ಇಸವಿವಾರು, ಟಂಕಸಾಲೆವಾರು ಪಟ್ಟಿಮಾಡಿದವರು ಲೆರಾಯ್ ವ್ಯಾನ್ ಆಲೆನ್ ಮತ್ತು ಜಾರ್ಜ್ ಮ್ಯಾಲಿಸ್. ಅವರಿಬ್ಬರ ಹೆಸರಿನ ಮೊದಲಕ್ಷರಗಳಿಂದ ಬಂದ 'ವ್ಯಾಮ್' ಸಂಖ್ಯೆಗಳನ್ನೇ ಸಂಗ್ರಾಹಕರು ಇಂದು ಬಳಸುತ್ತಾರೆ. ಯಾವ ಭೇದ ಎಷ್ಟು ವಿರಳವೆಂಬುದನ್ನು ಟಂಕಸಾಲೆಯ ಲೆಕ್ಕಪುಸ್ತಕ ಹೇಳುವುದಿಲ್ಲ. ಅದು ವರ್ಷದ ಒಟ್ಟು ಮೊತ್ತವನ್ನಷ್ಟೇ ಬಲ್ಲದು, ಆ ಮೊತ್ತವನ್ನೂ ನೆಚ್ಚುವಂತಿಲ್ಲ. 1903ರಲ್ಲಿ ನ್ಯೂ ಆರ್ಲಿಯನ್ಸ್ 44,50,000 ಡಾಲರುಗಳನ್ನು ಒತ್ತಿತೆಂದು ಲೆಕ್ಕವಿದ್ದರೂ ಅವು ಕಣ್ಣಿಗೇ ಬೀಳದೆ, ಒಂದರ ಬೆಲೆ 1,500 ಡಾಲರಿಗೇರಿತ್ತು. 1962ರ ಕೊನೆಯಲ್ಲಿ ಸರಕಾರದ ನೆಲಮಾಳಿಗೆಯಿಂದ ಅವುಗಳ ಚೀಲಗಳು ಹೊರಬಂದವು, ಬೆಲೆ ಕುಸಿದುಬಿತ್ತು.

ಉಳಿದ ನಾಣ್ಯಗಳು ಎಲ್ಲಿ ಹೋದವು? ಈ ಪ್ರಶ್ನೆಯೇ ನಮ್ಮನ್ನು ಇಲ್ಲಿಯವರೆಗೆ ಎಳೆದು ತಂದದ್ದು, ಏಕೆಂದರೆ ಉತ್ತರದ ದೊಡ್ಡ ಪಾಲು ಭಾರತದಲ್ಲಿದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಇಲ್ಲಿ ಬೆಳ್ಳಿಯ ಅಭಾವ ತಲೆದೋರಿತು. 1917ರಲ್ಲಿ ಒಂದು ರೂಪಾಯಿಯ ನೋಟನ್ನೇ ಸರಕಾರ ಹೊರಡಿಸಬೇಕಾಯಿತು. ಯುದ್ಧದ ಸುದ್ದಿಗೆ ಬೆದರಿದ ಜನ 1918ರಲ್ಲಿ ನೋಟು ಕೊಟ್ಟು ಬೆಳ್ಳಿ ಪಡೆಯಲು ಮುಗಿಬಿದ್ದರು. ನೋಟಿನ ಮೇಲಿನ ವಚನ ಮುರಿಯುವ ಹಂತಕ್ಕೆ ಬಂದಿತ್ತು. ಬ್ರಿಟನ್ ಅಮೆರಿಕದ ಮೊರೆಹೋಯಿತು. ಅದೇ ವರ್ಷದ ಏಪ್ರಿಲ್ 23ರಂದು ಜಾರಿಗೆ ಬಂದ ಪಿಟ್‌ಮನ್ ಕಾಯಿದೆಯನ್ವಯ ಖಜಾನೆಯಲ್ಲಿದ್ದ 27,02,32,722 ಡಾಲರುಗಳನ್ನು ಕರಗಿಸಲಾಯಿತು. ಅವುಗಳಲ್ಲಿ 25,91,21,554 ಡಾಲರುಗಳ ಬೆಳ್ಳಿ ಬ್ರಿಟನ್ನಿಗೆ, ಅಂದರೆ ಭಾರತದ ರೂಪಾಯಿಗೆಂದು, ಮಾರಾಟವಾಯಿತು. 1904ರವರೆಗೆ ಒತ್ತಿದ ಮಾರ್ಗನ್ ಡಾಲರುಗಳು ಸುಮಾರು 57 ಕೋಟಿ; ಕರಗಿದ ಮೊತ್ತ ಅದರ ಅರ್ಧಕ್ಕೆ ಸಮೀಪದ್ದು. ಕರಗಿಸುವಾಗ ಯಾವ ಇಸವಿಯವು, ಯಾವ ಟಂಕಸಾಲೆಯವು ಎಂದು ಬರೆದಿಡಲಿಲ್ಲ. ತೂಕ ಸಾಕಾಗಿತ್ತು. ಯಾವ ಅಚ್ಚಿನ ಕಡೆಯ ನಾಣ್ಯವೂ ಆ ಮೂಸೆಗೆ ಬಿದ್ದಿರಬಹುದು.

ಲೆಕ್ಕ ಮಾತ್ರ ಬೆರಗು ಹುಟ್ಟಿಸುವಷ್ಟು ಚೊಕ್ಕಟ. ಡಾಲರಿನಲ್ಲಿ 371.25 ಗ್ರೇನ್ ಶುದ್ಧ ಬೆಳ್ಳಿ, ರೂಪಾಯಿಯಲ್ಲಿ 165. ಒಂದು ಡಾಲರಿಗೆ ಸರಿಯಾಗಿ ಎರಡೂಕಾಲು ರೂಪಾಯಿ. ಭಾರತದ ಪಾಲಿಗೆ ಬಂದ ಬೆಳ್ಳಿಯಿಂದ 58 ಕೋಟಿಗೂ ಹೆಚ್ಚು ರೂಪಾಯಿಗಳನ್ನು ಒತ್ತಬಹುದಿತ್ತು.

ಮುಂಬಯಿ ಮತ್ತು ಕಲಕತ್ತೆಯ ಟಂಕಸಾಲೆಗಳು ಆ ವರ್ಷಗಳಲ್ಲಿ ಒತ್ತಿದ ಐದನೆಯ ಜಾರ್ಜ್ ರೂಪಾಯಿಗಳು ನಮ್ಮ ಎಷ್ಟೋ ಮನೆಗಳ ಲಕ್ಷ್ಮೀಪೂಜೆಯ ತಟ್ಟೆಯಲ್ಲಿವೆ. ಅವಕ್ಕೂ ಪಾಠಾಂತರಗಳುಂಟು. 1911ರ ರೂಪಾಯಿಯಲ್ಲಿ ದೊರೆಯ ನಿಲುವಂಗಿಯ ಮೇಲಿನ ಆನೆ ಹಂದಿಯಂತೆ ಕಂಡು ಮುಸಲ್ಮಾನರ ಆಕ್ಷೇಪಕ್ಕೆ ಗುರಿಯಾಯಿತು. ಮರುವರ್ಷ ಆನೆಯನ್ನು ತಿದ್ದಬೇಕಾಯಿತು. ಗರಿಯಿಂದ ಸೊಂಡಿಲಿನವರೆಗೆ ಕೆತ್ತನೆಗಾರನ ಪಾಡು ಒಂದೇ!

ಮನೆಯ ಪೆಟ್ಟಿಗೆಯಲ್ಲಿ 1918ರ ರೂಪಾಯಿಯಿದ್ದರೆ ಹಿಂಬದಿಯನ್ನು ಓರೆ ಬೆಳಕಿಗೆ ಹಿಡಿದು ನೋಡಿ. ಕೆಳಗಡೆಯ ಹೂವಿನಡಿಯಲ್ಲಿ ಸಣ್ಣ ಉಬ್ಬುಬಿಂದುವಿದ್ದರೆ ಅದು ಮುಂಬಯಿಯದು, ಇಲ್ಲದಿದ್ದರೆ ಕಲಕತ್ತೆಯದು. ಅದರ ಬೆಳ್ಳಿ ಹಿಂದೆ ಎಂಟು ಗರಿಯ ಹದ್ದಾಗಿತ್ತೋ ಏಳು ಗರಿಯದೋ, ಅದನ್ನು ಯಾವ ಭೂತಗನ್ನಡಿಯೂ ತೋರಿಸದು.